ಗೇಟಿನ ಒಳಗೆ ಯಾರಿದ್ದಾರೆ

2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿ, ಪೀಣ್ಯದ ಸುತ್ತಮುತ್ತ, ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷಿನ್ ಬಿಟ್ಟು ಬೀದಿಗಿಳಿದರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿ ಗಂಟೆಗಟ್ಟಲೆ ಕಟ್ಟಿಹೋಯಿತು. ಕಾರಣ ಭವಿಷ್ಯನಿಧಿಯ, ಅಂದರೆ ಪಿಎಫ್‌ನ, ಒಂದು ಹೊಸ ನಿಯಮ. ಅಲ್ಲಿಯವರೆಗೆ ಕೆಲಸ ಬಿಟ್ಟು ಎರಡು ತಿಂಗಳಾದರೆ ಪೂರ್ತಿ ಹಣ ತೆಗೆದುಕೊಳ್ಳಬಹುದಿತ್ತು. ಆ ವರ್ಷದ ಫೆಬ್ರುವರಿಯಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿರಲಿಲ್ಲ. ಎರಡನೆಯ ದಿನ ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ನಿಯಮ ಬರೆದವರ ಉದ್ದೇಶ ಕೆಟ್ಟದ್ದಾಗಿತ್ತು ಎಂದು ನಾನು ಹೇಳಲಾರೆ. ಮುಪ್ಪಿನ ಕಾಲಕ್ಕೆ ನಾಲ್ಕು ಕಾಸು ಉಳಿಯಲಿ ಎಂದೇ ಅವರು ಯೋಚಿಸಿರಬಹುದು. ಆದರೆ ಅವರ ಮನಸ್ಸಿನಲ್ಲಿದ್ದ ನೌಕರ ಒಂದೇ ಕಡೆ ಸೇರಿ, ಬಡ್ತಿ ಪಡೆದು, 58ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋಗುವವನು. ಹೊಲಿಗೆಯ ಲೈನಿನಲ್ಲಿ ಕೂತ ಹೆಂಗಸಿಗೆ ಅಂಥ ಆಯುಷ್ಯ ಆ ಕೆಲಸದಲ್ಲಿಲ್ಲ. ಸೊಂಟ ಹಿಡಿಯುತ್ತದೆ, ಕಣ್ಣು ಸೋಲುತ್ತದೆ, ಫ್ಯಾಕ್ಟರಿ ಬದಲಾಗುತ್ತದೆ. ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ಹಣವೇ ಮಗಳ ಮದುವೆಗೆ, ಕೈಸಾಲಕ್ಕೆ, ಭೋಗ್ಯದ ಮನೆಯ ಮುಂಗಡಕ್ಕೆ. ಯಾರು ಎಷ್ಟು ವರ್ಷಕ್ಕೆ ಹಣ ತೆಗೆಯುತ್ತಾರೆ ಎಂಬ ಲೆಕ್ಕ ಪಿಎಫ್ ಇಲಾಖೆಯ ದಾಖಲೆಯಲ್ಲೇ ಇತ್ತು. ಅದು ಎಂಥವರ ಬದುಕಿನ ಲೆಕ್ಕ ಎಂದು ಕೂತು ಓದುವ ಕೆಲಸವನ್ನು ಯಾರೂ ಮಾಡಿದಂತೆ ಕಾಣುವುದಿಲ್ಲ.

ಅಸಮಾನ ಸಮಾಜದಲ್ಲಿ ಸಮಾಜ ಸಂಶೋಧನೆ ಏತಕ್ಕೆ ಬೇಕು, ಸಿದ್ಧಾಂತ ಏತಕ್ಕೆ ಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಈ ಘಟನೆಯಿಂದಲೇ ಹೊರಡುತ್ತದೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಬದುಕುವ ಊರಿನಲ್ಲಿ ನಿಯಮ ಮಾಡುವವನಿಗೆ ನೆರೆಯವನ ಕಷ್ಟ ತಾನಾಗಿ ಗೊತ್ತಾಗುತ್ತದೆ. ನಿಯಮ ಮಾಡುವವನ ಕಷ್ಟವೂ ಅದೇ. ಅಸಮಾನ ಸಮಾಜದಲ್ಲಿ ನಿಯಮ ಮಾಡುವವರೂ ಅದರಡಿ ಬಾಳುವವರೂ ಒಂದೇ ಬೀದಿಯಲ್ಲಿ ಇರುವುದಿಲ್ಲ, ಒಂದೇ ಶಾಲೆಗೆ ಮಕ್ಕಳನ್ನು ಕಳಿಸುವುದಿಲ್ಲ, ಒಂದೇ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ತಿಳಿವಳಿಕೆ ತಾನಾಗಿ ಹರಿದು ಬರುವುದಿಲ್ಲ. ಅದನ್ನು ಹುಡುಕಿ ತರಬೇಕು, ತಂದದ್ದನ್ನು ಜೋಡಿಸಬೇಕು, ಜೋಡಿಸಿದ್ದನ್ನು ಅಧಿಕಾರದಲ್ಲಿರುವವರು ತಳ್ಳಿಹಾಕಲಾಗದಂತೆ ನಿಲ್ಲಿಸಬೇಕು. ಹುಡುಕಿ ತರುವುದು ಸಂಶೋಧನೆ, ಜೋಡಿಸುವುದು ಸಿದ್ಧಾಂತ. ಇವೆರಡರಲ್ಲಿ ಮೊದಲನೆಯದನ್ನು ಒಪ್ಪುವವರು ಎರಡನೆಯದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆದ್ದರಿಂದ ಸಿದ್ಧಾಂತದ ಪರವಾಗಿಯೇ ನಾನು ಹೆಚ್ಚು ಮಾತಾಡಬೇಕಾಗಿದೆ.

ಎಲೆಕ್ಟ್ರಾನಿಕ್ ಸಿಟಿಯನ್ನೇ ನೋಡೋಣ. 1976ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್, ಆರ್.ಕೆ. ಬಾಳಿಗರ ಮುಂದಾಳತನದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಕಟ್ಟಿದ ಕೈಗಾರಿಕಾ ಪ್ರದೇಶ ಇದು. 1990ರ ದಶಕದಿಂದ ಈಚೆಗೆ ಅದು ಸಾಫ್ಟ್‌ವೇರ್ ಊರಾಯಿತು. ಸಾರ್ವಜನಿಕ ಭೂಮಿಯಲ್ಲಿ, ಸಾರ್ವಜನಿಕ ಸಂಸ್ಥೆಯೊಂದರ ಕನಸಿನಿಂದ ಎದ್ದ ಈ ಊರಿನ ಗೇಟುಗಳ ಒಳಗೆ ಯಾರಿದ್ದಾರೆ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಮುಖ್ಯರು. ಐಟಿ ಉದ್ಯೋಗಿಗಳ ನಡುವೆ ಅವರು ನಡೆಸಿದ ಅಧ್ಯಯನದ ವರದಿ 2006ರಲ್ಲಿ ಬಂತು. ಉದ್ಯೋಗಿಗಳಲ್ಲಿ ಬಹುಪಾಲು ಜನ ನಗರದವರು, ಓದಿದ ತಂದೆತಾಯಿಯ ಮಕ್ಕಳು, ಮಧ್ಯಮ ವರ್ಗದವರು, ಮೇಲ್ಜಾತಿಯವರು ಎಂದು ಆ ಅಧ್ಯಯನ ಕಂಡುಕೊಂಡಿತು. ಹಳ್ಳಿಯ ಕೂಲಿಕಾರನ ಮಗ ಸಾಫ್ಟ್‌ವೇರ್ ಎಂಜಿನಿಯರ್ ಆದ ಕಥೆಗಳನ್ನು ಪತ್ರಿಕೆಗಳಲ್ಲಿ ಓದಿ ಸಂತೋಷಪಟ್ಟಿದ್ದ ನಮಗೆ, ಅವು ಸುದ್ದಿಯಾಗಿದ್ದೇ ಅಪರೂಪವಾದ್ದರಿಂದ ಎಂದು ಆಗ ಹೊಳೆಯಬೇಕಿತ್ತು.

ಇದಕ್ಕೆ ಕಂಪನಿಗಳ ಕಡೆಯಿಂದ ಬರುವ ಉತ್ತರ ಎಲ್ಲರಿಗೂ ಗೊತ್ತು: ನಾವು ಜಾತಿ ಕೇಳುವುದಿಲ್ಲ, ಪ್ರತಿಭೆ ಮಾತ್ರ ನೋಡುತ್ತೇವೆ. ಈ ಉತ್ತರ ಸುಳ್ಳೆಂದು ಮೊದಲೇ ತೀರ್ಮಾನಿಸಿ ಕೂರುವುದು ಸಂಶೋಧಕನ ಕೆಲಸವಲ್ಲ. ಅದನ್ನು ಪರೀಕ್ಷೆಗೆ ಒಡ್ಡಬೇಕು. ಹಾಗೆ ಒಡ್ಡಿದವರೂ ಇದ್ದಾರೆ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಹೋಲಿಸಿದ ಅರ್ಜಿಗಳಲ್ಲಿ ಓದು, ಅನುಭವ ಎಲ್ಲ ಒಂದೇ. ಹೆಸರು ಮಾತ್ರ ಬೇರೆ. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಇಷ್ಟಕ್ಕೇ ನಿಂತರೆ ನನ್ನ ವಾದಕ್ಕೆ ಅನುಕೂಲ. ಆದರೆ ಇನ್ನೊಂದು ಪರೀಕ್ಷೆಯೂ ಇದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಮರಿಯಾನ್ ಬರ್ಟ್ರಾಂಡ್, ಸೌಗತೊ ದತ್ತ, ಸೆಂಧಿಲ್ ಮುಲ್ಲೈನಾಥನ್ ಸೇರಿ ದೆಹಲಿಯ ಸುತ್ತಲಿನ ಕಾಲ್ ಸೆಂಟರ್ ಮತ್ತು ಸಾಫ್ಟ್‌ವೇರ್ ಕೆಲಸಗಳಿಗೆ 3,160 ಅರ್ಜಿಗಳನ್ನು ಇದೇ ರೀತಿ ಕಳಿಸಿದ್ದರು. ಕಾಲ್ ಸೆಂಟರುಗಳಲ್ಲಿ ಮೇಲ್ಜಾತಿಯವರಿಗೂ ಹಿಂದುಳಿದವರಿಗೂ ನಡುವೆ ಅಂತರ ಕಂಡಿತು. ಸಾಫ್ಟ್‌ವೇರ್ ಕೆಲಸಗಳಲ್ಲಿ ಜಾತಿಯ ಹೆಸರಿನಿಂದ ತಾರತಮ್ಯವಾಗಿದ್ದಕ್ಕೆ ಪುರಾವೆ ಸಿಗಲಿಲ್ಲ. ಈ ಅಧ್ಯಯನ 2009ರಲ್ಲಿ ಪ್ರಕಟವಾಗಿದೆ, ಅದನ್ನು ಮುಚ್ಚಿಡುವ ಹಕ್ಕು ನನಗಿಲ್ಲ.

ಈಗ ನಮ್ಮ ಮುಂದೆ ಎರಡು ಸಂಗತಿಗಳಿವೆ. ಸಾಫ್ಟ್‌ವೇರ್ ಕಂಪನಿಯ ಬಾಗಿಲಲ್ಲಿ ಅರ್ಜಿಯ ಹೆಸರು ನೋಡಿ ಹಿಂದಕ್ಕೆ ಕಳಿಸಿದ್ದು ಕಾಣುವುದಿಲ್ಲ. ಒಳಗೆ ಹೋದರೆ ಹೆಚ್ಚಾಗಿ ಒಂದೇ ಬಗೆಯ ಮನೆಗಳಿಂದ ಬಂದವರು ಕಾಣುತ್ತಾರೆ. ಎಷ್ಟೇ ಅಂಕಿಅಂಶ ಗುಡ್ಡೆ ಹಾಕಿದರೂ ಇವೆರಡನ್ನು ಅದು ತಾನಾಗಿ ಬೆಸೆಯುವುದಿಲ್ಲ. ಸಿದ್ಧಾಂತ ಬೇಕಾಗುವುದು ಇಲ್ಲಿ. ಜರಡಿ ಹಿಡಿಯುವ ಕೆಲಸ ಗೇಟಿನ ಹತ್ತಿರ ನಡೆಯುವುದಕ್ಕಿಂತ ಬಹಳ ಹಿಂದೆಯೇ ನಡೆದುಹೋಗಿರುತ್ತದೆ ಎಂದು ಅದು ತೋರಿಸುತ್ತದೆ. ಒಂದನೇ ತರಗತಿಯ ಬೋಧನಾ ಮಾಧ್ಯಮದಲ್ಲಿ, ಪಿಯುಸಿಯ ಟ್ಯೂಷನ್ನಿನಲ್ಲಿ, ಯಾವ ಎಂಜಿನಿಯರಿಂಗ್ ಕಾಲೇಜಿಗೆ ಕಂಪನಿಗಳು ಕ್ಯಾಂಪಸ್ ಸೆಲೆಕ್ಷನ್‌ಗೆ ಹೋಗುತ್ತವೆ ಎಂಬುದರಲ್ಲಿ, ಸಂದರ್ಶನದ ಕೋಣೆಯಲ್ಲಿ ಹಿಂಜರಿಯದೆ ಇಂಗ್ಲಿಷಿನಲ್ಲಿ ಮಾತಾಡುವ ಅಭ್ಯಾಸದಲ್ಲಿ ಅದು ನಡೆದಿರುತ್ತದೆ. ಆ ಅಭ್ಯಾಸಕ್ಕೆ ನಮ್ಮಲ್ಲಿ 'ಕಮ್ಯುನಿಕೇಷನ್ ಸ್ಕಿಲ್ಸ್' ಎಂದು ಹೆಸರು. ಹೆಸರು ಕೇಳಿದರೆ ಅದೊಂದು ತರಬೇತಿ ಪಡೆದು ಕಲಿಯುವ ವಿದ್ಯೆ ಎನಿಸುತ್ತದೆ. ಅದರ ಬಹುಭಾಗ ಅಡುಗೆಮನೆ ಪಡಸಾಲೆಗಳಲ್ಲಿ, ಎರಡು ತಲೆಮಾರು ಓದಿದ ಮನೆಯ ಮಾತಿನಲ್ಲಿ ಬರುವಂಥದ್ದು. ಹೀಗೆ ಮನೆತನದಿಂದ ಬಂದದ್ದು ಸಂದರ್ಶನದ ದಿನ ವ್ಯಕ್ತಿಯ ಸ್ವಂತ ಪ್ರತಿಭೆಯಾಗಿ ಎಣಿಕೆಯಾಗುತ್ತದೆ. ಯಾರೂ ಮೋಸ ಮಾಡಬೇಕಾಗಿಲ್ಲ. ಎಲ್ಲರೂ ಪ್ರಾಮಾಣಿಕರಾಗಿದ್ದೂ ಫಲ ಅನ್ಯಾಯವಾಗಿಯೇ ಇರಬಲ್ಲದು. ಬರಿಗಣ್ಣಿಗೆ ಕಾಣದ ಈ ಸಂಗತಿಯನ್ನು ಕಾಣಿಸುವುದು ಸಿದ್ಧಾಂತದ ಕೆಲಸ.

ಪ್ರತಿಭೆ ಮತ್ತು ಪ್ರಾತಿನಿಧ್ಯದ ಈ ಜಗಳ ನಮ್ಮ ನೆಲಕ್ಕೆ ಹೊಸದಲ್ಲ. 1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಜಾಮಿತ್ರ ಮಂಡಳಿಯವರು ಮಹಾರಾಜರಿಗೆ ಮನವಿ ಕೊಟ್ಟು, ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದ ಕೈಯಲ್ಲಿವೆ ಎಂದರು. ಆಗಲೂ ಬಂದ ಉತ್ತರ ದಕ್ಷತೆ ಕುಸಿಯುತ್ತದೆ ಎಂಬುದೇ. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು, 1921ರಲ್ಲಿ ಹಿಂದುಳಿದವರಿಗೆ ಹುದ್ದೆ ಮೀಸಲಿಡುವ ಆದೇಶವಾಯಿತು. ಐವತ್ತು ವರ್ಷಗಳ ಬಳಿಕ, 1972ರಲ್ಲಿ ದೇವರಾಜ ಅರಸು ಸರ್ಕಾರ ನೇಮಿಸಿದ ಎಲ್.ಜಿ. ಹಾವನೂರು ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ಮಾದರಿ ಸಮೀಕ್ಷೆಯ ಜೊತೆಗೆ ಎಸ್ಸೆಸ್ಸೆಲ್ಸಿ ಪಾಸಾದವರ ಸಂಖ್ಯೆಯನ್ನು ಜಾತಿವಾರು ತೂಗಿ ನೋಡಿತು. ಈ ಆಯ್ಕೆ ಸಣ್ಣದಲ್ಲ. ಬಡತನವೊಂದನ್ನೇ ಅಳೆಯದೆ, ಹತ್ತನೇ ತರಗತಿಯ ಹೊಸ್ತಿಲನ್ನು ದಾಟಿದವರು ಯಾರು ಎಂದು ಅಳೆದದ್ದರ ಹಿಂದೆ ಹಿಂದುಳಿದಿರುವಿಕೆ ಎಂದರೇನು ಎಂಬ ಒಂದು ಖಚಿತ ಕಲ್ಪನೆ ಇತ್ತು. ಕಲ್ಪನೆ ಸ್ಪಷ್ಟವಿದ್ದದ್ದರಿಂದ ಎಣಿಕೆಗೆ ಅರ್ಥ ಬಂತು, 1975ರ ಆ ವರದಿ ಇವತ್ತಿಗೂ ವಾದದಲ್ಲಿ ಜೀವಂತವಾಗಿದೆ.

ಸಿದ್ಧಾಂತ ಎಂದರೆ ಪರದೇಶದ ಪಾರಿಭಾಷಿಕ ಪದಗಳ ಹೊರೆ ಎಂಬ ಬೇಸರ ನಮ್ಮಲ್ಲಿದೆ, ಅದಕ್ಕೆ ಕಾರಣವಿಲ್ಲದೆಯೂ ಇಲ್ಲ. ಆದರೆ ಒಳ್ಳೆಯ ಸಿದ್ಧಾಂತ ಇಲ್ಲಿಯ ಮಣ್ಣಿನಲ್ಲೇ ಹುಟ್ಟಿದ್ದೂ ಇದೆ. 'ಪ್ರಬಲ ಜಾತಿ' ಎಂಬ ಮಾತನ್ನು ಇವತ್ತು ಪ್ರತಿ ಚುನಾವಣೆಯಲ್ಲೂ ಟೀವಿಯವರು ಆಡುತ್ತಾರೆ, ಅದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಕಂಡುಕೊಂಡದ್ದು. ನನಗೆ ಇನ್ನೂ ಹೆಚ್ಚು ಉಪಯುಕ್ತವೆನಿಸುವುದು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಮಾಡಿದ ಕೆಲಸ. ಹೆಸರು ಮರೆಸಿ ಅವಕ್ಕೆ ವಂಗಲ, ದಲೇನ ಎಂದು ಕರೆದರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, ಇನ್ನೊಂದು ಒಣಭೂಮಿಯಾಗಿಯೇ ಉಳಿಯಿತು. ನೀರು ಬಂದ ಊರು ಕಬ್ಬು ಬೆಳೆದು ಸಿರಿವಂತವಾಯಿತು, ಆದರೆ ಒಕ್ಕಲಿಗೂ ಆಳಿಗೂ ಇದ್ದ ತಲೆತಲಾಂತರದ ಕಟ್ಟು ಹಾಗೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯದ ಕಡೆಗೆ ಕೆಲಸಕ್ಕೆ, ಗಾಡಿ ಹೊಡೆಯಲು, ವ್ಯಾಪಾರಕ್ಕೆ ಹೊರಟರು. ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿ. ಹಣ ಬಂದರೆ ಸಮಾಜ ತಾನೇ ಬದಲಾಗುತ್ತದೆ ಎಂಬ ನಂಬಿಕೆಯನ್ನು ಇಷ್ಟು ಸ್ಪಷ್ಟವಾಗಿ ಅಲುಗಾಡಿಸಿದ ಅಧ್ಯಯನ ನಮ್ಮ ರಾಜ್ಯದಲ್ಲಿ ಅಪರೂಪ. ಅದನ್ನು ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಹಳ್ಳಿಗಳನ್ನು ನೋಡಬೇಕು. ಜಮೀನು ಕೊಟ್ಟ ಮನೆಯವರು ಪಿ.ಜಿ. ಕಟ್ಟಿ ಬಾಡಿಗೆ ಎಣಿಸುತ್ತಿರಬಹುದು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ, ಪಹಣಿಯಲ್ಲಿ ಹೆಸರಿಲ್ಲದ ಮನೆಯವರಿಗೆ ಪರಿಹಾರದ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಒಂದೇ ಭೂಸ್ವಾಧೀನ, ಒಂದೇ ಊರು, ಎರಡು ಬೇರೆ ಚರಿತ್ರೆ. ಸರಾಸರಿ ಆದಾಯದ ಅಂಕಿ ಇದನ್ನು ಹೇಳುವುದಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪಣೆ ಬಲವಾದದ್ದೇ. ಐಟಿ ಉದ್ಯಮ ಲಕ್ಷಾಂತರ ಜನರಿಗೆ ಕೆಲಸ ಕೊಟ್ಟಿದೆ. ಎಂಜಿನಿಯರರ ಜೊತೆಗೆ ಡ್ರೈವರು, ಅಡುಗೆಯವರು, ಸೆಕ್ಯುರಿಟಿಯವರು, ಹೌಸ್‌ಕೀಪಿಂಗಿನವರು ಎಲ್ಲರ ಮನೆಯ ಒಲೆ ಉರಿದಿದೆ. ಸಂಶೋಧನೆಗೆ ಸುರಿಯುವ ಹಣದಲ್ಲಿ ಇನ್ನೊಂದು ಫ್ಯಾಕ್ಟರಿ ಕಟ್ಟಿದರೆ ಬಡವನಿಗೆ ಹೆಚ್ಚು ಒಳ್ಳೆಯದಲ್ಲವೇ? ಕೆಲಸ ಸಿಕ್ಕಿದೆ ಎಂಬುದು ನಿಜ, ಅದನ್ನು ಹಗುರ ಮಾಡಬಾರದು. ಆದರೆ ಯಾವ ಕೆಲಸ ಯಾರಿಗೆ, ಎಷ್ಟು ದಿನಕ್ಕೆ, ಯಾರ ಹೆಸರಿನಲ್ಲಿ ಎಂದು ಕೇಳದೆ ಮುಂದಿನ ಫ್ಯಾಕ್ಟರಿ ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸುವುದು ಹೇಗೆ? ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಕವಾದ ಡಿ.ಎಂ. ನಂಜುಂಡಪ್ಪ ಸಮಿತಿಯ ಉದಾಹರಣೆ ಇದೆ. 2002ರಲ್ಲಿ ವರದಿ ಕೊಟ್ಟ ಆ ಸಮಿತಿ 35 ಸೂಚಕಗಳನ್ನು ಹಿಡಿದು ರಾಜ್ಯದ 175 ತಾಲ್ಲೂಕುಗಳನ್ನೂ ಅಳೆಯಿತು. 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 21 ಕಲಬುರಗಿ ವಿಭಾಗದಲ್ಲೇ ಇವೆ ಎಂದಿತು. ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ ಎಂದು ಅದಕ್ಕೂ ಮೊದಲು ಜನ ಹೇಳುತ್ತಿರಲಿಲ್ಲವೇ? ದಶಕಗಳಿಂದ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಅದು ಗೊಣಗಾಟವಾಗಿ ಕೇಳಿಸುತ್ತಿತ್ತು. ವರದಿಯ ನಂತರ ಅದು ತಾಲ್ಲೂಕಿನ ಹೆಸರಿರುವ ಹಕ್ಕೊತ್ತಾಯವಾಯಿತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಬಂತು. ಹೋರಾಟಗಾರರ ಒತ್ತಡದಿಂದ ಕಲಬುರಗಿ ಭಾಗಕ್ಕೆ ವಿಶೇಷ ಸೌಲಭ್ಯ ನೀಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿತು. ಅಸಮತೋಲನ ಹೋಗಿಬಿಟ್ಟಿತು ಎಂದು ಯಾರೂ ಹೇಳುವಂತಿಲ್ಲ, 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿಯನ್ನೇ ಮಾಡಬೇಕಾಯಿತು. ಹಾಗೆಂದು ಅಳತೆ ವ್ಯರ್ಥವಾಗಲಿಲ್ಲ. ಕೊಟ್ಟ ಮಾತು ಎಷ್ಟು ನಡೆಯಿತು ಎಂದು ಕೇಳಲು ಒಂದು ಆಧಾರ ಜನರ ಕೈಗೆ ಸಿಕ್ಕಿತು.

ಎರಡನೆಯ ಆಕ್ಷೇಪಣೆ, ಜಾತಿ ಕೇಳಿದರೆ ಜಾತಿ ಬೆಳೆಯುತ್ತದೆ ಎಂಬುದು. 2015ರಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಜಾತಿ ಕೇಳಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರುವರಿಯಲ್ಲಿ. ಮರುವರ್ಷ ಅದನ್ನು ಬದಿಗಿಟ್ಟು 2025ರ ಸೆಪ್ಟೆಂಬರ್ 22ರಿಂದ ಹೊಸ ಸಮೀಕ್ಷೆ ಶುರುವಾಯಿತು. ಪಾಲ್ಗೊಳ್ಳುವುದು ಕಡ್ಡಾಯವಲ್ಲ, ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಹೇಳಿತು. ಅದು ಸರಿಯಾದ ಮಾತು. ಹೆದರಿಸಿ ಪಡೆದ ಉತ್ತರ ಸಂಶೋಧನೆಗೂ ಬೇಡ. ಬೆಂಗಳೂರಿನಲ್ಲಿ ಸಮೀಕ್ಷೆಗೆ ಬಾಗಿಲು ತೆರೆಯದ ಮನೆಗಳು ಬಹಳವಿದ್ದವು. ಜಾತಿ ಬೇಡ ಎಂಬ ಪ್ರಾಮಾಣಿಕ ಮನಸ್ಸಿನಿಂದ ಬಾಗಿಲು ಮುಚ್ಚಿದವರೂ ಇದ್ದಾರು, ಅವರನ್ನು ಗೌರವಿಸುತ್ತೇನೆ. ಆದರೆ ಜಾತಿಯನ್ನು ಮರೆಯುವ ಸೌಕರ್ಯ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಊಟದ ಪದ್ಧತಿಯ ನೆಪದಲ್ಲಿ ಜಾತಿ ವಿಚಾರಿಸಿಕೊಂಡವನಿಗೆ ಅದನ್ನು ಮರೆಯುವ ಆಯ್ಕೆ ಇಲ್ಲ. ಸಮೀಕ್ಷೆ ಕೇಳದಿದ್ದರೆ ಮದುವೆಯ ಜಾಹೀರಾತಿನಿಂದಾಗಲಿ, ಬಾಡಿಗೆ ಮನೆಯ ಮಾತುಕತೆಯಿಂದಾಗಲಿ ಜಾತಿ ಹೋಗುವುದಿಲ್ಲ. ಹೋಗುವುದು ಪುರಾವೆ ಮಾತ್ರ.

ಮೂರನೆಯದು ಸಂಶೋಧಕರ ಮೇಲೆಯೇ ಇರುವ ಆರೋಪ. ನನಗೆ ಇದೇ ಅತಿ ಕಠಿಣವಾದದ್ದು. ಅಸಮಾನತೆಯ ಬಗ್ಗೆ ಬರೆಯುವವರು ಯಾರು? ರಾಜಕೀಯ ಚಿಂತಕ ಗೋಪಾಲ್ ಗುರು 2002ರಲ್ಲಿ ಬರೆದ ಲೇಖನವೊಂದರಲ್ಲಿ, ಭಾರತದ ಸಮಾಜ ವಿಜ್ಞಾನದೊಳಗೇ ಶ್ರೇಣಿ ಇದೆ, ಸಿದ್ಧಾಂತ ಕಟ್ಟುವುದು ಮೇಲಿನವರ ಪಾಲು, ಅನುಭವ ಮತ್ತು ಅಂಕಿಅಂಶ ಒದಗಿಸುವುದು ಕೆಳಗಿನವರ ಪಾಲು ಎಂದು ದೂರಿದರು. ದೂರು ನಿಜ. ಎಲೆಕ್ಟ್ರಾನಿಕ್ ಸಿಟಿಯ ಸಂಶೋಧನೆಯಲ್ಲೂ ಇದರ ಗುರುತು ಇದೆ: ಎಂಜಿನಿಯರರ ಕೆಲಸ, ಕುಟುಂಬ, ಮನಸ್ಸಿನ ಒತ್ತಡಗಳ ಬಗ್ಗೆ ನಮಗೆ ತಿಳಿದಿರುವಷ್ಟು ಅದೇ ಕಟ್ಟಡದ ಶೌಚಾಲಯ ತೊಳೆಯುವ, ಏಜೆನ್ಸಿಯ ಮೂಲಕ ಬರುವ ಹೆಂಗಸಿನ ಬಗ್ಗೆ ತಿಳಿದಿಲ್ಲ. ಸಂಶೋಧಕರಿಗೆ ಎಂಜಿನಿಯರರ ಜೊತೆ ಮಾತಾಡುವುದು ಸುಲಭ, ಇಬ್ಬರ ಭಾಷೆಯೂ ಒಂದೇ. ಇದಕ್ಕೆ ಮದ್ದು ಸಂಶೋಧನೆಯನ್ನು ಕೈಬಿಡುವುದಲ್ಲ, ಅದನ್ನು ಮಾಡುವವರ ವಲಯವನ್ನು ಹಿಗ್ಗಿಸುವುದು. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದಾಗ ಬದಲಾವಣೆ ಎಂಬ ಮಾತನ್ನು ಹೆಸರಿನಲ್ಲೇ ಇಟ್ಟರು. ಆ ಬದಲಾವಣೆಯನ್ನು ಅನುಭವಿಸುವವರೇ ಅದನ್ನು ವಿವರಿಸುವ ಸ್ಥಾನಕ್ಕೂ ಬರಬೇಕು. ಗಾರ್ಮೆಂಟ್ಸ್ ಕಾರ್ಮಿಕೆಯ ಮಗಳು ಪಿಎಫ್ ನಿಯಮದ ಮೇಲೆ ಪಿಎಚ್‌.ಡಿ. ಮಾಡಿದರೆ ಪ್ರಶ್ನೆಗಳೇ ಬೇರೆಯಾಗುತ್ತವೆ. ಅವಳ ಮಾತು ತಾನಾಗಿ ಸರಿ ಎಂದು ನಾನು ಹೇಳುತ್ತಿಲ್ಲ. ಅವಳ ಪುರಾವೆಯನ್ನೂ ಎಲ್ಲರ ಪುರಾವೆಯಂತೆ ಒರೆಗೆ ಹಚ್ಚಬೇಕು. ಆದರೆ ಬೇರೆ ಯಾರಿಗೂ ಕೇಳಬೇಕೆಂದು ತೋರದ ಪ್ರಶ್ನೆ ಅವಳಿಗೆ ತೋರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನಾವು ಏನನ್ನು ಎಣಿಸುತ್ತಿಲ್ಲ ಎಂಬುದನ್ನೂ ಹೇಳಬೇಕು. ದೊಡ್ಡ ಲಿಸ್ಟೆಡ್ ಕಂಪನಿಗಳು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಪ್ರತಿ ವರ್ಷ ಸಾಮಾಜಿಕ ಹೊಣೆಯ ವರದಿ ಕೊಡುತ್ತವೆ. ಅದರಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು, ಅಂಗವಿಕಲರೆಷ್ಟು, ಕಾಯಂ ಎಷ್ಟು, ಕಾಯಂ ಅಲ್ಲದವರೆಷ್ಟು ಎಂಬ ಕಾಲಂಗಳಿವೆ. ಉದ್ಯೋಗಿಯ ಜಾತಿಗೆ ಕಾಲಂ ಇಲ್ಲ, ಅವನು ಓದಿದ ಶಾಲೆಯ ಮಾಧ್ಯಮಕ್ಕೆ ಇಲ್ಲ, ಅವನು ಹಳ್ಳಿಯವನೋ ಪಟ್ಟಣದವನೋ ಎಂಬುದಕ್ಕೂ ಇಲ್ಲ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧ ಬಂದೊಡನೆ ಎರಡೇ ದಿನಕ್ಕೆ ತಡೆಹಿಡಿಯಿತು. ಆ ಎರಡು ದಿನ ನಾಡೆಲ್ಲ ವಾದಿಸಿತು. ಎಷ್ಟು ಸ್ಥಳೀಯರು ಯಾವ ದರ್ಜೆಯ ಕೆಲಸದಲ್ಲಿದ್ದಾರೆ ಎಂಬ, ಎಲ್ಲರೂ ಒಪ್ಪುವ ಒಂದು ಲೆಕ್ಕವನ್ನು ಎರಡೂ ಕಡೆಯವರು ಮೇಜಿನ ಮೇಲೆ ಇಡಲಿಲ್ಲ. ಲೆಕ್ಕ ಕೇಳುವ ದಾರಿಯನ್ನೂ ನೋಡಬೇಕು. 2013ರಿಂದ ಎಲೆಕ್ಟ್ರಾನಿಕ್ ಸಿಟಿಗೆ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಅಲ್ಲಿನವರು ಮತ ಹಾಕಿ ಆರಿಸುವ ಪುರಸಭೆಯಂಥದ್ದಲ್ಲ ಅದು. ಮತದ ಮೂಲಕ ಪ್ರಶ್ನೆ ಕೇಳುವ ದಾರಿ ಕಿರಿದಾಗಿರುವಲ್ಲಿ ಪುರಾವೆಯ ಮೂಲಕ ಕೇಳುವ ದಾರಿಯಾದರೂ ತೆರೆದಿರಬೇಕು.

ಕೊನೆಗೆ ಒಂದು ವಿನಂತಿ. ಐಟಿ ಉದ್ಯೋಗಿಗಳ ಬಗೆಗಿನ 2006ರ ಆ ವರದಿ ಇಂಗ್ಲಿಷಿನಲ್ಲಿದೆ. ಎಪ್‌ಸ್ಟೈನ್ ಮಂಡ್ಯದ ಬಗ್ಗೆ, ಶ್ರೀನಿವಾಸ್ ಮೈಸೂರಿನ ಬಗ್ಗೆ ಬರೆದದ್ದೂ ಇಂಗ್ಲಿಷಿನಲ್ಲೇ. ಆ ಹಳ್ಳಿಗಳಲ್ಲಿ ಉತ್ತರ ಕೊಟ್ಟವರು ಕನ್ನಡದಲ್ಲಿ ಮಾತಾಡಿದರು, ಅವರ ಮಾತಿನಿಂದ ಕಟ್ಟಿದ ತೀರ್ಮಾನ ಅವರು ಓದಲಾರದ ಭಾಷೆಯಲ್ಲಿ ಅಚ್ಚಾಯಿತು. ವಿಶ್ವವಿದ್ಯಾಲಯಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ ಈ ಮಾತನ್ನು ಕೇಳುತ್ತಿರುವವರು ಯಾರಾದರೂ ಇದ್ದರೆ ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಎಲೆಕ್ಟ್ರಾನಿಕ್ ಸಿಟಿಯ ಮೇಲೆ ನಿಮ್ಮ ಮುಂದಿನ ವರದಿ ಮುಗಿದಾಗ, ಅದರ ಹತ್ತು ಪುಟದ ಕನ್ನಡ ಸಾರವನ್ನು ಮಾಡಿ, ಉತ್ತರ ಕೊಟ್ಟ ಜನರನ್ನು ಕೂರಿಸಿಕೊಂಡು ಅವರ ಮುಂದೆ ಓದಿ. ಅವರು ತಪ್ಪು ತೋರಿಸಿದರೆ ತಿದ್ದಿ, ಆಮೇಲೆ ಅಚ್ಚಿಗೆ ಕಳಿಸಿ.